‘ಮೊದಲ ಪಿಸ್ತೂಲು ಕೊಳ್ಳುವವರಿಗೆ 7 ಸೂತ್ರ’: ಬ್ಯಾಚ್ ಗುಂಪಿನಲ್ಲಿ ಒಂದು ಫಾರ್ವರ್ಡ್

ಗುಂಪು: ಮೆಕ್ಯಾನಿಕಲ್ ಬ್ಯಾಚ್, ಅಮೆರಿಕ ಕಡೆಯವರು

ರಾಘು (ಪ್ಲೇನೋ): [ಫಾರ್ವರ್ಡ್ ಮಾಡಿದ ಚಿತ್ರ: ಮೊದಲ ಪಿಸ್ತೂಲು ಕೊಳ್ಳುವವರಿಗೆ 7 ಸೂತ್ರ]

ರಾಘು: ಸುಮಾ, ಮನೆಗೆ ಯಾವ ಪಿಸ್ತೂಲು ತಗೋಬೇಕು ಅಂತ ನೀನು ಕೇಳ್ತಿದ್ದೆಯಲ್ಲ, ತಗೋ. 2ನೇ ಅಂಶ ನಿನಗೇ ಬರೆದ ಹಾಗಿದೆ. ‘ಹೆಂಗಸರ ಕೈಗೆ ಸಣ್ಣ, ಹಗುರ ಪಿಸ್ತೂಲೇ ಸರಿ.’

ಸುಮಾ (ಆಸ್ಟಿನ್): ಇದನ್ನ ಬರೆದವನು ಹೆಂಗಸರ ಕೈ ನೋಡಿಲ್ಲವೋ, ಪಿಸ್ತೂಲು ಹಿಡಿದಿಲ್ಲವೋ?

ಬಸು (ಹ್ಯೂಸ್ಟನ್): ಎರಡೂ ಇಲ್ಲ ಬಿಡವಾ. ರಾಘು, 5ನೇದ್ದು ಓದಿಯೇನು? ‘ಗನ್ ಖಾಲಿ ಮಾಡಲು ಸ್ಲೈಡ್ ಎಳೆಯಿರಿ, ನಂತರ ಮ್ಯಾಗಜೀನ್ ತೆಗೆಯಿರಿ.’ ಇದು ಉಲ್ಟಾ ಐತಿ. ಮೊದಲ ಇದನ್ನ ತೆಗಿ.

ರಾಘು: ಎರಡೂ ಮಾಡ್ತಾರಲ್ಲೋ. ಯಾವುದು ಮೊದಲಾದ್ರೆ ಏನೀಗ?

ಬಸು: ಏನೀಗ ಅಂದ್ರ ಕೇಳು. ಸ್ಲೈಡ್ ಅಂದ್ರ ಪಿಸ್ತೂಲಿನ ಮ್ಯಾಲಿನ ಜಾರೋ ಭಾಗ, ಮ್ಯಾಗಜೀನ್ ಅಂದ್ರ ಹಿಡಿಯೊಳಗಿನ ಗುಂಡಿನ ಡಬ್ಬಿ, ಚೇಂಬರ್ ಅಂದ್ರ ನಳಿಕಿ (ಬ್ಯಾರೆಲ್) ಹಿಂದ ಗುಂಡು ಕೂಡೋ ಜಾಗ. ಮ್ಯಾಗಜೀನ್ ಒಳಗ ಇಟಗೊಂಡು ಸ್ಲೈಡ್ ಎಳದಿ. ಚೇಂಬರಿನ್ಯಾಗಿನ ಗುಂಡು ಹಾರಿ ನೆಲಕ್ಕ ಬಿತ್ತು. ಕಣ್ಣಿಗೆ ಕಂಡಿತು, ಮನಸಿಗೆ ಸಮಾಧಾನ ಆತು. ಆದ್ರ ಸ್ಲೈಡ್ ಮುಂದ ಹೋಗುವಾಗ ಮ್ಯಾಗಜೀನಿಂದ ಇನ್ನೊಂದು ಗುಂಡು ತಳ್ಳಿಕೊಂಡು ಚೇಂಬರಿಗೆ ಹಾಕೇ ಹೋಗತೈತಿ. ಆಮ್ಯಾಲ ಮ್ಯಾಗಜೀನ್ ತೆಗದಿ. ಈಗ ಮ್ಯಾಗಜೀನ್ ಕೈಯಾಗ, ಒಂದು ಗುಂಡು ನೆಲದ ಮ್ಯಾಲ, ಒಂದು ಒಳಗ. ಗ್ಲಾಕ್ ಕಂಪನಿ ಪಿಸ್ತೂಲು ಒರಸಾಕ ಬಿಚ್ಚಬೇಕಾದ್ರ ಟ್ರಿಗರ್ ಒತ್ತಲೇಬೇಕು. ಮುಂದಿಂದು ನೀನ ಹೇಳು.

ರಾಘು: 😶

ಪ್ರದೀಪ (ಡಲ್ಲಾಸ್): ಕ್ರಮ ಹೀಗೆ ಮಾರಾಯ್ರೇ. ಬ್ಯಾರೆಲ್ ತಿರುಗಿರುವ ಕಡೆ ಗುಂಡು ತಡೆಯುವಂಥದ್ದು ಇರಬೇಕು, ಅದರಾಚೆ ಜನ ಇರಬಾರದು. ಬೆರಳು ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತಲಿನ ಬಳೆ) ಹೊರಗೆ, ಫ್ರೇಮಿನ (ಸ್ಲೈಡಿನ ಕೆಳಗಿನ ಚೌಕಟ್ಟು) ಮೇಲೆ ನೆಟ್ಟಗೆ. ಮ್ಯಾಗಜೀನ್ ತೆಗೆದು ಕೈಗೆ ಎಟುಕದಷ್ಟು ದೂರ ಇಡಿ. ಸ್ಲೈಡನ್ನು ಪೂರ್ತಿ, ಜೋರಾಗಿ, ಮೂರು ಸಲ ಎಳೆಯಿರಿ. ಮೂರು ಯಾಕೆ ಅಂದ್ರೆ ಎರಡನೇ ಸಲವೂ ಗುಂಡು ಹೊರಗೆ ಬಿದ್ರೆ ಮ್ಯಾಗಜೀನ್ ಇನ್ನೂ ಒಳಗೇ ಉಂಟು ಅಂತ ಗೊತ್ತಾಗ್ತದೆ. ಆಮೇಲೆ ಸ್ಲೈಡ್ ಹಿಂದಕ್ಕೆ ಲಾಕ್ ಮಾಡಿ ಚೇಂಬರ್ ನೋಡಿ. ನೋಡಿದ್ದು ಸಾಲದು, ಕಿರುಬೆರಳು ಹಾಕಿ ಮುಟ್ಟಿ ನೋಡಿ. ಎಕ್ಸ್‌ಟ್ರಾಕ್ಟರ್, ಅಂದ್ರೆ ಗುಂಡನ್ನು ಚೇಂಬರಿನಿಂದ ಎಳೆಯುವ ಕೊಕ್ಕೆ, ಸವೆದಿದ್ರೆ ಎಷ್ಟು ಎಳೆದರೂ ಗುಂಡು ಒಳಗೇ ಕೂತಿರ್ತದೆ, ಅದು ಬೆರಳಿಗೇ ಸಿಗೋದು.

ಪ್ರದೀಪ: ಸಿಗ್ ಪಿ365, ಪಿ320 ಎರಡರಲ್ಲೂ ಬಿಚ್ಚುವಾಗ ಟ್ರಿಗರ್ ಒತ್ತಬೇಕಿಲ್ಲ. ಸ್ಮಿತ್ ಅಂಡ್ ವೆಸ್ಸನ್ ಎಂ ಅಂಡ್ ಪಿಯಲ್ಲಿ ಒಳಗೊಂದು ಸಣ್ಣ ಲೀವರ್ ಉಂಟು, ಅದನ್ನು ಕೆಳಗೆ ಒತ್ತಿದ್ರೆ ಸಾಕು. ಮನೆಯಲ್ಲಿ ಹೊಸಬರಿದ್ರೆ ಇದು ಲೆಕ್ಕಕ್ಕೆ ಬರುವ ವ್ಯತ್ಯಾಸ.

ರಾಘು: ಸರಿ, 5ನೇದು ತಪ್ಪು. ಆದ್ರೆ 2ನೇದ್ರಲ್ಲಿ ಏನು ತಪ್ಪು? ಸಣ್ಣದಾದ್ರೆ ಹಿಡಿಯೋಕೆ ಸುಲಭ ತಾನೇ.

ಸುಮಾ: ಮೆಕ್ಯಾನಿಕಲ್ ಓದಿದವನು ಕೇಳೋ ಪ್ರಶ್ನೆಯಾ ಇದು? ಅದೇ 9 ಎಂಎಂ ಗುಂಡು, ಅದೇ ಮದ್ದು. ಆವೇಗ ಅಷ್ಟೇ. ಗನ್ನಿನ ತೂಕ ಕಾಲು ಭಾಗ ಕಡಿಮೆಯಾದ್ರೆ ಹಿಂದಕ್ಕೆ ಒದೆಯೋ ಶಕ್ತಿ ಮೂರನೇ ಒಂದರಷ್ಟು ಜಾಸ್ತಿ. ಗ್ಲಾಕ್ 19 ಮ್ಯಾಗಜೀನ್ ಇಲ್ಲದೆ ಸುಮಾರು 600 ಗ್ರಾಂ. ಪಿ365 ಖಾಲಿ ಮ್ಯಾಗಜೀನ್ ಸೇರಿಸಿಯೂ 500ರ ಆಸುಪಾಸು. ಅದೂ ಸಾಲದು ಅಂತ ಹಿಡಿ ಮೋಟು, ಕಿರುಬೆರಳಿಗೆ ಜಾಗ ಸಾಲಲ್ಲ.

ಪ್ರದೀಪ: ಸ್ಲೈಡ್ ಎಳೆಯುವುದೂ ಕಷ್ಟ. ಸಣ್ಣ ಗನ್ನಿನ ಸ್ಲೈಡ್ ಹಗುರ. ಹಗುರ ಸ್ಲೈಡ್ ತೀರಾ ವೇಗವಾಗಿ ಹಿಂದೆ ಹೋಗದ ಹಾಗೆ ತಡೆಯಲಿಕ್ಕೆ ಸ್ಪ್ರಿಂಗ್ ಬಿಗಿ ಹಾಕಿರ್ತಾರೆ. ಅಂಗಡಿಯವ ‘ಲೇಡೀಸ್ ಗನ್’ ಅಂತ ಕೊಡ್ತಾನೆ, ಮನೆಗೆ ತಂದ್ರೆ ಸ್ಲೈಡ್ ಅಲುಗುವುದಿಲ್ಲ.

ಸುಮಾ: ಎಳೆಯೋ ರೀತಿಯೂ ಇದೆ. ಹೆಬ್ಬೆರಳು ತೋರುಬೆರಳಲ್ಲಿ ನಶ್ಯ ಹಿಡಿದ ಹಾಗೆ ಹಿಡಿದ್ರೆ ಆಗಲ್ಲ. ಎಡ ಅಂಗೈಯನ್ನ ಸ್ಲೈಡಿನ ಮೇಲಿಂದ, ಗುಂಡಿನ ಖಾಲಿ ಕೊಳವೆ ಹೊರಬೀಳೋ ಪಕ್ಕದ ಕಿಂಡಿಯ ಹಿಂದೆ ಇಟ್ಟು ನಾಲ್ಕೂ ಬೆರಳಲ್ಲಿ ಗಟ್ಟಿಯಾಗಿ ಹಿಡಿ. ಗನ್ ಹೊಟ್ಟೆ ಹತ್ತಿರ ಇರಲಿ, ಬ್ಯಾರೆಲ್ ಮುಂದಕ್ಕೇ ಇರಲಿ, ಪಕ್ಕದವರ ಕಡೆ ತಿರುಗಬಾರದು. ಆಮೇಲೆ ಎಡಗೈಯಲ್ಲಿ ಎಳೆಯೋದಲ್ಲ, ಬಲಗೈಯಲ್ಲಿ ಹಿಡಿಯನ್ನ ಮುಂದಕ್ಕೆ ತಳ್ಳೋದು. ಕೊನೆಗೆ ಸ್ಲೈಡನ್ನ ಬಿಟ್ಟುಬಿಡು, ಮೆಲ್ಲಗೆ ಕೈಹಿಡಿದು ಮುಂದಕ್ಕೆ ತರಬೇಡ. ತಂದ್ರೆ ಗುಂಡು ಅರ್ಧಕ್ಕೆ ಸಿಕ್ಕಿಕೊಳ್ಳುತ್ತೆ.

ಬಸು: ಬೆರಳಿಗೆ ಸಂಧಿವಾತ ಇದ್ದವರಿಗೆ ಇದೂ ಆಗಂಗಿಲ್ಲ. ಅಂಥವರಿಗೆ ಸ್ಮಿತ್ ಅಂಡ್ ವೆಸ್ಸನ್ ಶೀಲ್ಡ್ ಈಜೀ, .380 ಗುಂಡಿನ ಪಿಸ್ತೂಲು, ನೋಡಬಹುದು. ಸ್ಲೈಡ್ ಎಳಿಯೋದು ಭಾಳ ಸಲೀಸು. ಹಿಡಿ ಹಿಂದಿರೋ ಗ್ರಿಪ್ ಸೇಫ್ಟಿ ಮಾತ್ರ ಪೂರ್ತಿ ಒತ್ತಿರಬೇಕು, ಹಿಡಿತ ಸಡಿಲ ಆದ್ರ ಗನ್ ಹಾರಂಗಿಲ್ಲ.

ರಾಘು: ಒಪ್ಪಿದೆ. ಆದ್ರೂ ದೊಡ್ಡ ಗನ್ ತಗೊಂಡು ಬೀರುವಲ್ಲೇ ಇಟ್ರೆ ಏನು ಬಂತು? ಜೊತೆಗಿರೋ ಸಣ್ಣದು ಬೀರುವಲ್ಲಿರೋ ದೊಡ್ಡದಕ್ಕಿಂತ ಮೇಲು ಅಂತಾರಲ್ಲ.

ಪ್ರದೀಪ: ಅದು ಸೊಂಟಕ್ಕೆ ಕಟ್ಟುವವರಿಗೆ ನಿಜವೇ. ಸುಮಾ ಕೇಳಿದ್ದು ಮನೆಗೆ. ಸೊಂಟಕ್ಕೇ ಬೇಕಾದ್ರೂ ಪಿ365 ಎಕ್ಸ್‌ಎಲ್, ಗ್ಲಾಕ್ 43ಎಕ್ಸ್ ಅಂತ ನಡುವಿನ ಅಳತೆಯವು ಉಂಟು. ಬರೀ ಗಾತ್ರ ಹಿಡ್ಕೊಂಡು ಹೊರಟ್ರೆ ಗಾತ್ರವೇ ಸಿಗೋದು.

ಸುಮಾ: ಅಂಗಡಿಯಲ್ಲಿ ಏನು ನೋಡಬೇಕು ಅಂತ ಹೇಳು. ಬ್ರ್ಯಾಂಡ್ ಪುರಾಣ ಬೇಡ.

ಪ್ರದೀಪ: ಖಾಲಿ ಗನ್, ಮೇಲೆ ಹೇಳಿದ ಹಾಗೆ ನೀವೇ ಪರೀಕ್ಷಿಸಿದ್ದು. ಹೆಬ್ಬೆರಳು ತೋರುಬೆರಳ ನಡುವಿನ ಸಂದು ಹಿಡಿಯ ತುದಿಗೆ, ಎಷ್ಟು ಮೇಲೆ ಹೋಗ್ತದೋ ಅಷ್ಟು ಮೇಲೆ ಕೂರಬೇಕು. ಬ್ಯಾರೆಲ್ ಮತ್ತೆ ಮುಂಗೈ ಮೂಳೆ ಒಂದೇ ಗೆರೆಯಲ್ಲಿರಬೇಕು. ಆ ಹಿಡಿತ ಬದಲಿಸದೆ ತೋರುಬೆರಳ ಮೊದಲ ಗೆಣ್ಣಿನ ಮೆತ್ತೆ ಟ್ರಿಗರ್ ನಡುವಿಗೆ ಬರಬೇಕು. ಬೆರಳು ಎಟುಕಲಿಲ್ಲ ಅಂತ ಗನ್ನನ್ನೇ ಕೈಯಲ್ಲಿ ತಿರುಗಿಸಿದಿರೋ, ಒದೆತ ಪೂರ್ತಿ ಹೆಬ್ಬೆರಳ ಬುಡಕ್ಕೆ. 50 ಗುಂಡಿಗೆ ಕೈ ನೋಯ್ತದೆ, ಬಿದ್ದ ಗುಂಡೆಲ್ಲ ಒಂದೇ ಬದಿಗೆ ಸರೀತದೆ.

ಪ್ರದೀಪ: ಕೈಗೆ ತಕ್ಕ ಹಾಗೆ ಹಿಡಿ ಬದಲಿಸಲಿಕ್ಕಾಗ್ತದೆ. ಎಂ ಅಂಡ್ ಪಿ 2.0 ಜೊತೆ ಹಿಡಿಗೆ ಹಾಕುವ ತುಂಡು ನಾಲ್ಕು ಅಳತೆಯಲ್ಲಿ ಕೊಡ್ತಾರೆ. ಹೆಕ್ಲರ್ ಅಂಡ್ ಕೋಖ್ ವಿಪಿ9ನಲ್ಲಿ ಹಿಂದಿನದ್ದು ಮೂರು, ಎರಡು ಪಕ್ಕಕ್ಕೂ ಮೂರು ಮೂರು. ಗ್ಲಾಕಿನದ್ದು ಹಿಡಿಗೆ ದಪ್ಪ ಸೇರಿಸ್ತದೆ ಅಷ್ಟೇ, ಮೂಲಕ್ಕಿಂತ ತೆಳು ಆಗುವುದಿಲ್ಲ. ಅದರ ಹಿಡಿ ಹಿಂದಕ್ಕೆ ಜಾಸ್ತಿ ವಾಲಿದೆ ಬೇರೆ. ಬೇರೆ ಪಿಸ್ತೂಲಿಗೆ ಒಗ್ಗಿದ ಕೈಯಲ್ಲಿ ಗುರಿ ನೋಡುವ ಸೈಟ್ ಮೇಲಕ್ಕೆ ನೋಡ್ತದೆ.

ಬಸು: ಹಂಗಂತ ಗ್ಲಾಕ್ ಬ್ಯಾಡ ಅಂತಿಯೇನು? ಬಿಡಿಭಾಗ, ಹೋಲ್‌ಸ್ಟರ್ (ಸೊಂಟಕ್ಕ ಕಟ್ಟೋ ಗನ್ ಚೀಲ), ಮ್ಯಾಗಜೀನ್ ಎಲ್ಲಾ ಊರಾಗ ಸಿಗೋದು ಅದಕ್ಕಷ್ಟ. ಸುಮ್ಮನ 1982ರಾಗ ಆಸ್ಟ್ರಿಯಾ ಸೈನ್ಯ ತಗೊಂಡಿತೇನು?

ಪ್ರದೀಪ: ಬೇಡ ಅನ್ನಲಿಲ್ಲ ಬಸಣ್ಣ. ಕೈಗೆ ಕೂರದಿದ್ದರೆ ಆಸ್ಟ್ರಿಯಾ ಸೈನ್ಯ ಬಂದು ನಿನ್ನ ಗುರಿ ಹೊಡೆದು ಕೊಡುವುದಿಲ್ಲ.

ಬಸು: 😂 ಆತು. ಶೂಟಿಂಗ್ ರೇಂಜಿನ್ಯಾಗ ಮೂರು ನಾಲ್ಕು ಗನ್ ಬಾಡಿಗೆಗೆ ತಗೊಂಡು ಒಂದೊಂದಕ್ಕ 50 ಹೊಡದು ನೋಡ್ರಿ. ಮೊದಲ 10 ಮರತುಬಿಡ್ರಿ, ಕೊನೀ 10 ಎಲ್ಲಿ ಬಿದ್ದಾವು ಅದನ್ನ ನೋಡ್ರಿ. ಕೈ ದಣದಾಗ ನಿಜ ಗೊತ್ತಾಗತೈತಿ.

ಶಶಿ (ಸ್ಯಾನ್ ಹೋಸೆ): 3ನೇ ಅಂಶ ಯಾರೂ ಮುಟ್ಟಲಿಲ್ಲ. ‘ಪ್ಲಾಸ್ಟಿಕ್ ಗನ್ ಬಿಸಿಲಿಗೆ ಕಾರಲ್ಲಿ ಕರಗುತ್ತೆ, ಎಕ್ಸ್‌ರೇಗೆ ಸಿಗಲ್ಲ.’ ಎರಡೂ ಬುರುಡೆ. ಹಿಡಿ ನೈಲಾನ್ ಬೆರೆತ ಪಾಲಿಮರ್, ಕಾರಿನ ಬಿಸಿಗೆ ಏನೂ ಆಗಲ್ಲ. ಸ್ಲೈಡು, ಬ್ಯಾರೆಲ್ಲು, ಸ್ಪ್ರಿಂಗು, ಫ್ರೇಮಿನೊಳಗಿನ ಹಳಿ ಎಲ್ಲ ಉಕ್ಕು. ಎಕ್ಸ್‌ರೇಯಲ್ಲಿ ಚೆನ್ನಾಗೇ ಕಾಣುತ್ತೆ. ಲೋಹ ಪತ್ತೆ ಯಂತ್ರಕ್ಕೆ ಸಿಗದ ಗನ್ ಮಾಡಬಾರದು ಅಂತ 1988ರಲ್ಲೇ ಇಲ್ಲಿ ಕಾನೂನು ಬಂದಿದೆ. ಕಾರಲ್ಲಿ ಇಡಬಾರದ್ದು ನಿಜ, ಆದ್ರೆ ಕಾರಣ ಕಳ್ಳರು.

ಸುಮಾ: ಹಾಗಾದ್ರೆ ಪಾಲಿಮರ್‌ನಿಂದ ತೊಂದರೆಯೇ ಇಲ್ವಾ?

ಪ್ರದೀಪ: ಉಂಟು. ಫ್ರೇಮ್ ಹಗುರ ಇರುವುದರಿಂದ ಮಣಿಕಟ್ಟು ಸಡಿಲ ಬಿಟ್ರೆ ಸ್ಲೈಡ್ ಜೊತೆ ಫ್ರೇಮೂ ಹಿಂದಕ್ಕೆ ಬರ್ತದೆ, ಸ್ಲೈಡಿಗೆ ಪೂರ್ತಿ ಓಟ ಸಿಗುವುದಿಲ್ಲ. ಖಾಲಿ ಕೇಸು (ಗುಂಡಿನ ಕೊಳವೆ) ಹೊರಗೆ ಹಾರುವ ಮೊದಲೇ ಸ್ಲೈಡ್ ಮುಚ್ಚಿ, ಅದು ಕಿಂಡಿಯಲ್ಲಿ ಚಿಮಣಿ ಹಾಗೆ ನಿಲ್ತದೆ. ಗನ್ ಕೆಟ್ಟಿದೆ ಅಂತ ಅಂಗಡಿಗೆ ಒಯ್ಯುವ ಮೊದಲು ಅದೇ ಗನ್, ಅದೇ ಮ್ಯಾಗಜೀನ್, ಅದೇ ಪೆಟ್ಟಿಗೆ ಗುಂಡು ಬೇರೆಯವರ ಕೈಯಲ್ಲಿ ಹೊಡೆಸಿ ನೋಡಿ. ಅವರಿಗೂ ನಿಂತ್ರೆ ಮ್ಯಾಗಜೀನ್ ಬದಲಿಸಿ. ಅದಕ್ಕೇ ಮ್ಯಾಗಜೀನ್ ತಳಕ್ಕೆ ಬಣ್ಣದ ಪೆನ್ನಲ್ಲಿ 1, 2, 3 ಬರೆದಿಡುವುದು. ಪ್ರತಿಸಲ 2ನೇದೇ ಕೈಕೊಡ್ತಾ ಇದ್ರೆ ದೋಷ ಗನ್ನಿನದ್ದಲ್ಲ.

ಬಸು: ಹೊಸಾ ಗನ್ನಿಗೆ 200 ಸಾದಾ ಗುಂಡು, 115 ಅಥವಾ 124 ಗ್ರೇನ್ ತೂಕದ್ದು. ಆಮ್ಯಾಲ ಮನ್ಯಾಗ ಇಡೋ ಹಾಲೋ ಪಾಯಿಂಟ್ (ತುದಿಗೆ ಕುಳಿ ಇರೋ ಗುಂಡು) ಕನಿಷ್ಠ 50. ಹಾಲೋ ಪಾಯಿಂಟಿನ ಮೂತಿ ಚಪ್ಪಟೆ, ಕೆಲವು ಗನ್ನಿನ್ಯಾಗ ಚೇಂಬರ್ ಏರುವಾಗ ಸಿಗಬೀಳತೈತಿ. ಒಂದರ ಸಿಕ್ಕಿತಂದ್ರ ಬ್ಯಾರೆ ಕಂಪನಿದು ನೋಡ್ರಿ. ತುಟ್ಟಿ ಅಂತ ಪರೀಕ್ಷೆ ಬಿಟ್ರ ಪರೀಕ್ಷೆ ರಾತ್ರಿ ಎರಡಕ್ಕ ಆಗತೈತಿ.

ಸುಮಾ: ಇನ್ನೊಂದು. ದಿನಾ ಗುಂಡು ತೆಗೆದು ಮತ್ತೆ ಅದೇ ಗುಂಡನ್ನ ಚೇಂಬರಿಗೆ ಹಾಕ್ತಾ ಇದ್ರೆ ಅದರ ಮುಂದಿನ ಸೀಸದ ತುದಿ ಕೇಸಿನೊಳಗೆ ಇಳಿಯುತ್ತೆ. ಒಳಗೆ ಜಾಗ ಕಡಿಮೆಯಾಗಿ ಹಾರಿಸಿದಾಗ ಒತ್ತಡ ಏರುತ್ತೆ. ಪೆಟ್ಟಿಗೆಯಿಂದ ಹೊಸದೊಂದು ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿ ಮೇಲೆ ಕಾರ್ಡ್ ಇಟ್ಟು ನೋಡಿ. ಕಾರ್ಡ್ ವಾಲಿದ್ರೆ ಗಿಡ್ಡಗಾದದ್ದು ಹಾರಿಸೋಕೆ ಬೇಡ.

ರಾಘು: 4ನೇ ಅಂಶ? ‘ಸೇಫ್ಟಿ ಲೀವರ್ ಇಲ್ಲದ ಗನ್ ಅಪಾಯ.’ ಇದಾದ್ರೂ ಸರಿ ಇರಬೇಕಲ್ಲ.

ಪ್ರದೀಪ: ಅರ್ಧ. ಗ್ಲಾಕಿನಲ್ಲಿ ಲೀವರ್ ಇಲ್ಲ, ಒಳಗೆ ಮೂರು ತಡೆ ಉಂಟು: ಟ್ರಿಗರಿನದ್ದು, ಫೈರಿಂಗ್ ಪಿನ್ನಿನದ್ದು, ಕೆಳಗೆ ಬಿದ್ದಾಗಿನದ್ದು. ಮೂರೂ ಬಿಡುವುದು ಟ್ರಿಗರ್ ಹಿಂದೆ ಬಂದಾಗ. ಟ್ರಿಗರನ್ನು ಒತ್ತಿದ್ದು ಬೆರಳೋ ಬಟ್ಟೆಯೋ ಗನ್ನಿಗೆ ಗೊತ್ತಾಗುವುದಿಲ್ಲ. ಜಾಕೆಟ್ಟಿನ ಲಾಡಿ ತುದಿಯಲ್ಲಿ ಪ್ಲಾಸ್ಟಿಕ್ ಗುಂಡಿ ಇರ್ತದಲ್ಲ, ಅದು ಹೋಲ್‌ಸ್ಟರ್ ಬಾಯಿಗೆ ಇಳಿದು, ಮೇಲಿಂದ ಗನ್ ಒತ್ತಿದ್ರೆ ಆಯ್ತು ಕಥೆ. ಅಂಗಿಯ ತುದಿಯೂ ಅಷ್ಟೇ. ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚುವ, ಆ ಮಾಡೆಲ್‌ಗೇ ಅಚ್ಚು ಹಾಕಿದ ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್‌ಸ್ಟರ್ ತಗೊಳ್ಳಿ. ಮೆತ್ತಗಿನ ಬಟ್ಟೆ ಚೀಲ ಬೇಡ. ಒಳಗೆ ಹಾಕುವಾಗ ನಿಧಾನ, ನೋಡ್ಕೊಂಡು.

ಶಶಿ: ‘ಕೆಳಗೆ ಬಿದ್ದರೂ ಹಾರಲ್ಲ’ ಅಂತ ಎಲ್ಲದಕ್ಕೂ ಕಣ್ಣುಮುಚ್ಚಿ ನಂಬೋದೂ ಬೇಡ. ಪಿ320 2017ರ ಜನವರಿಯಲ್ಲಷ್ಟೇ ಅಮೆರಿಕದ ಸೈನ್ಯಕ್ಕೆ ಆಯ್ಕೆಯಾಗಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಕೆಳಗೆ ಬೀಳೋ ವಿಚಾರಕ್ಕೇ ಕಂಪನಿ ಪುಕ್ಕಟೆ ಅಪ್‌ಗ್ರೇಡ್ ಘೋಷಿಸಿತು. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಅಪ್‌ಗ್ರೇಡ್ ಆಗಿದೆಯಾ ಅಂತ ಸೀರಿಯಲ್ ನಂಬರ್ ಕೊಟ್ಟು ಕೇಳಿ.

ಬಸು: ಲೀವರ್ ಬೇಕನಿಸಿದ್ರ ಲೀವರ್ ಇರೋ ಎಂ ಅಂಡ್ ಪಿ ಸಿಗತೈತಿ. ಆದ್ರ ತೆಗಿಯೋವಾಗೆಲ್ಲ ಹೆಬ್ಬೆರಳು ಅದನ್ನ ಇಳಸಬೇಕು. ಸಾವಿರ ಸಲ ಮಾಡಿ ರೂಢಿ ಆದ್ರ ಸರಿ, ಇಲ್ಲಂದ್ರ ಅದ ಅಡ್ಡ.

ರಾಘು: ಸರಿ ಗುರು. ಹಾಗಾದ್ರೆ ಮುಂದಿನ ಶನಿವಾರ ಡಲ್ಲಾಸ್ ರೇಂಜಿಗೆ ನಾನೂ ಬರ್ತೀನಿ. ಬಾಡಿಗೆಗೆ ಒಂದು ತಗೋತೀನಿ.

ಶಶಿ: ನಿಂದು ಇನ್ನೂ ಎಚ್-1ಬಿ ಕೆಲಸದ ವೀಸಾ ಅಲ್ವಾ?

ರಾಘು: ಹೌದು. ಯಾಕೆ?

ಶಶಿ: ಹಾಗಿದ್ರೆ ನೀನು ಗನ್ ಕೊಳ್ಳೋ ಹಾಗೂ ಇಲ್ಲ, ಇಟ್ಟುಕೊಳ್ಳೋ ಹಾಗೂ ಇಲ್ಲ. ನಾನ್ ಇಮಿಗ್ರೆಂಟ್ ವೀಸಾದವರಿಗೆ ಕೇಂದ್ರದ ಕಾನೂನು ತಡೆಯುತ್ತೆ. ಯಾವುದಾದ್ರೂ ರಾಜ್ಯದ ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಥರದ ವಿನಾಯಿತಿ ಇರಬೇಕು. ಕಾನೂನಲ್ಲಿ ‘ಹೊಂದಿರುವುದು’ ಅಂತಲೇ ಇದೆ, ಬಾಡಿಗೆ ಗನ್ ಅಂತ ಬಿಟ್ಟಿಲ್ಲ. ಗನ್ ಕೊಳ್ಳುವಾಗ ಅಂಗಡಿಯಲ್ಲಿ ತುಂಬೋ 4473 ಫಾರ್ಮಲ್ಲಿ ಇದನ್ನೇ ಕೇಳ್ತಾರೆ, ಸುಳ್ಳು ಬರೆದ್ರೆ ಅದೇ ಬೇರೆ ಅಪರಾಧ. ಸುಮಾದು ಗ್ರೀನ್ ಕಾರ್ಡ್, ಅವಳಿಗೆ ಈ ತೊಡಕಿಲ್ಲ. ಆದ್ರೆ ಅವಳ ಹೆಸರಲ್ಲಿ ನಿನಗೆ ಕೊಡಿಸೋ ಹಾಗೂ ಇಲ್ಲ.

ರಾಘು: ಇದು 7 ಸೂತ್ರದಲ್ಲಿ ಎಲ್ಲೂ ಇರಲಿಲ್ವಲ್ಲೋ!

ಬಸು: ಸೂತ್ರ ಬರದವಗ ವೀಸಾ ಚಿಂತಿ ಎಲ್ಲೈತಿ.

ಶಶಿ: ನಮ್ಮ ಕ್ಯಾಲಿಫೋರ್ನಿಯಾ ಇನ್ನೊಂದು ಲೋಕ. ರಾಜ್ಯದ ಪಟ್ಟಿಯಲ್ಲಿರೋ ಮಾಡೆಲ್ಲೇ ಅಂಗಡಿಯವನು ಮಾರಬೇಕು, ಮ್ಯಾಗಜೀನ್ 10 ಗುಂಡಿಂದು, 10 ದಿನ ಕಾಯಬೇಕು.

ಸುಮಾ: ಮನೇಲಿ ಮಕ್ಕಳಿದ್ದಾರೆ. ಬೆರಳಚ್ಚಿನ ಪೆಟ್ಟಿಗೆ ಸಾಕಾ?

ಪ್ರದೀಪ: ಒದ್ದೆ ಬೆರಳಿಗೆ, ಒಣಗಿ ಬಿರಿದ ಬೆರಳಿಗೆ ಅದು ಕೈಕೊಡ್ತದೆ. ಗುಂಡಿ ಒತ್ತಿ ಕೋಡ್ ಹಾಕುವಂಥದ್ದು ವಾಸಿ, ಜೊತೆಗೆ ಕೀಲಿಯೂ ಇರಲಿ. ಪೆಟ್ಟಿಗೆಯನ್ನು ಗೋಡೆಗೋ ಮಂಚಕ್ಕೋ ಬೋಲ್ಟ್ ಹಾಕಿ. ಇಲ್ಲದಿದ್ರೆ ಕಳ್ಳ ಪೆಟ್ಟಿಗೆ ಸಮೇತ ಒಯ್ತಾನೆ. ಬ್ಯಾಟರಿ ವರ್ಷಕ್ಕೊಮ್ಮೆ. ಟೆಕ್ಸಾಸಿನಲ್ಲಿ 17ರ ಒಳಗಿನ ಮಕ್ಕಳ ಕೈಗೆ ತುಂಬಿದ ಗನ್ ಸಿಗುವ ಹಾಗೆ ಬಿಟ್ಟರೆ ಕೇಸು ನಿಮ್ಮ ಮೇಲೇ.

ನಾಗರಾಜ್ (ಬೆಂಗಳೂರು): ನಾನು ಇಷ್ಟೊತ್ತು ಓದ್ತಾನೇ ಇದ್ದೆ. ಇಲ್ಲಿ ಲೈಸೆನ್ಸ್ ಮಾಡಿಸಿದ್ರೆ ಗ್ಲಾಕ್ 19 ಸಿಗುತ್ತಾ?

ಶಶಿ: ಇಲ್ಲ. 9 ಎಂಎಂ ಭಾರತದಲ್ಲಿ ನಿಷೇಧಿತ ಬೋರ್ (ನಳಿಕೆಯ ಅಳತೆ), ಪೊಲೀಸು ಸೈನ್ಯಕ್ಕೆ ಮಾತ್ರ. ಜನಸಾಮಾನ್ಯರಿಗೆ .32ರ ಪಿಸ್ತೂಲು, ರಿವಾಲ್ವರ್. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಆಯುಧ, ಲೈಸೆನ್ಸ್ ಐದು ವರ್ಷಕ್ಕೆ. ಬೆಂಗಳೂರಲ್ಲಿ ಅರ್ಜಿ ಪೊಲೀಸ್ ಕಮಿಷನರ್ ಕಚೇರಿಗೆ.

ಶಶಿ: ಊರಿಗೆ ಹೋಗೋರು ಇದನ್ನೊಂದು ಓದಿಕೊಳ್ಳಿ. ರೇಂಜಿಗೆ ಒಯ್ಯೋ ಬ್ಯಾಗನ್ನ ವಿಮಾನಕ್ಕೆ ಒಯ್ಯಬೇಡಿ. ಅಡಿಯ ಹೊಲಿಗೆಯಲ್ಲಿ, ಒಳಗಿನ ಸಣ್ಣ ಜೇಬಲ್ಲಿ ಒಂದೇ ಒಂದು ಗುಂಡು ಉಳಿದಿದ್ರೂ ಭಾರತದ ವಿಮಾನ ನಿಲ್ದಾಣದಲ್ಲಿ ಆಯುಧ ಕಾಯ್ದೆ ಕೇಸಾಗುತ್ತೆ. ‘ಗೊತ್ತಿರಲಿಲ್ಲ’ ಅನ್ನೋದನ್ನ ಆಮೇಲೆ ಕೋರ್ಟಿನಲ್ಲಿ ಹೇಳಬೇಕು, ಅಷ್ಟರಲ್ಲಿ ರಜೆ ಮುಗಿದಿರುತ್ತೆ.

ರಾಘು: ಸರಿ, ಆ ಚಿತ್ರದಲ್ಲಿ 2, 3, 4, 5 ತಿದ್ದಿ ಮತ್ತೆ ಹಾಕ್ತೀನಿ.

ಬಸು: ತಿದ್ದಬ್ಯಾಡೋ. ತೆಗಿ.

ರಾಘು: [ಈ ಮೆಸೇಜನ್ನು ಅಳಿಸಲಾಗಿದೆ]

ಸುಮಾ: 6 ಮತ್ತು 7 ಏನಿತ್ತು? ನಾನು ಅಲ್ಲೀವರೆಗೆ ಓದಲೇ ಇಲ್ಲ.