ಆಪ್ತಸಮಾಲೋಚಕರಲ್ಲಿ ಹೇಳಿಕೊಂಡ ಮಾತಿಗೆ ಕಾನೂನಿನ ರಕ್ಷಣೆ ಎಷ್ಟಿದೆ?

ಪ್ರಶ್ನೆ (ದಾವಣಗೆರೆಯಿಂದ):
ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದಿರುವ ನನ್ನ ತಂಗಿ, ಮನೆಯವರಿಗೂ ಹೇಳದ ಸಂಗತಿಗಳನ್ನು ಇಲ್ಲಿನ ಆಪ್ತಸಮಾಲೋಚಕಿಯೊಬ್ಬರಲ್ಲಿ ಹೇಳಿಕೊಂಡಿದ್ದಾಳೆ. ಆ ಟಿಪ್ಪಣಿಗಳನ್ನು ನ್ಯಾಯಾಲಯಕ್ಕೆ ತರಿಸುವುದಾಗಿ ಗಂಡನ ಕಡೆಯವರು ಹೆದರಿಸುತ್ತಿದ್ದಾರೆ. ಇದು ಸಾಧ್ಯವೇ?

ಉತ್ತರ 1 (ವಕೀಲ, ಹರಿಹರ):
ಸಾಧ್ಯವೇ ಇಲ್ಲ ಎಂದು ಧೈರ್ಯ ಹೇಳಲಾರೆ. ವಕೀಲ ಮತ್ತು ಕಕ್ಷಿದಾರರ ನಡುವಿನ ಮಾತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 132ನೇ ಕಲಮು ಕೊಡುವಂಥ ರಕ್ಷಣೆ ಸಮಾಲೋಚಕರಿಗೆ ಇಲ್ಲದಿರುವುದರಿಂದ, ನ್ಯಾಯಾಲಯದ ಸಮನ್ಸ್ ಬಂದರೆ ಅವರು ಹಾಜರಾಗಲೇಬೇಕಾಗುತ್ತದೆ. ಆದರೆ ಎದುರು ಪಕ್ಷದವರು ಬಾಯಿಮಾತಿನಲ್ಲಿ ಕೇಳಿದರೆಂದು ಕಡತ ಕೊಡಬೇಕಾಗಿಲ್ಲ, ಕೊಡಲೂಬಾರದು. ತಂಗಿಯವರು ಮಾನಸಿಕ ಕಾಯಿಲೆಗೆ ಚಿಕಿತ್ಸೆಯನ್ನೂ ಪಡೆಯುತ್ತಿದ್ದರೆ, ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ, 2017ರ 23ನೇ ಕಲಮು ಆ ಮಾಹಿತಿಯನ್ನು ಗೋಪ್ಯವಾಗಿಡುವ ಹಕ್ಕನ್ನು ಕೊಡುತ್ತದೆ. ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆಯ 16ನೇ ಕಲಮಿನಡಿ ವಿಚಾರಣೆಯನ್ನು ಮುಚ್ಚಿದ ಕೋಣೆಯಲ್ಲಿ ನಡೆಸುವಂತೆ ಕೋರಬಹುದು. ಈ ಅರ್ಜಿಯನ್ನು ಮೊದಲ ದಿನವೇ ಹಾಕಿಸಿ, ನಮ್ಮಲ್ಲೇ ಅನೇಕರು ಇದನ್ನು ಮರೆತುಬಿಡುತ್ತಾರೆ.

ಉತ್ತರ 2 (ನಿವೃತ್ತ ಸಮಾಲೋಚಕಿ, ಚಿತ್ರದುರ್ಗ):
ಒಂದು ಅಪವಾದವನ್ನು ಸೇರಿಸುತ್ತೇನೆ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಮಾತಿನ ನಡುವೆ ತಿಳಿದುಬಂದರೆ, ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಇದನ್ನು ನಾನು ಮೊದಲ ಭೇಟಿಯಲ್ಲಿಯೇ ಹೇಳಿಬಿಡುತ್ತಿದ್ದೆ. ಟಿಪ್ಪಣಿಯಲ್ಲಿಯೂ ಅಗತ್ಯಕ್ಕಿಂತ ಹೆಚ್ಚು ಬರೆಯುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ನಮ್ಮ ತಾಯಿ ಕೇಳಿದಾಗಲೂ ಆ ಸಮಾಲೋಚಕಿ ಏನನ್ನೂ ಹೇಳಿರಲಿಲ್ಲ. ಆಗ ನಮಗೆ ಬೇಸರವಾಗಿತ್ತು.