ಐದು ತಂತಿಯ ಪಿಟೀಲು, ಕಮಾನು ಕೈಗೆ ಬರುತ್ತಿಲ್ಲ: ಕಲಿತವರು ಹೇಳಿ

ಮಡಿಕೇರಿಯಿಂದ, ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಚಿಕ್ಕಪ್ಪನ ಮಗ ಹೊರದೇಶದಿಂದ ಬರುವಾಗ ಐದು ತಂತಿಯ ಪಿಟೀಲು ತಂದುಕೊಟ್ಟಿದ್ದಾನೆ. ನಾನು ಇದುವರೆಗೆ ಯಾವ ವಾದ್ಯವನ್ನೂ ಕಲಿತವಳಲ್ಲ. ಬೆರಳಿನ ವಿಷಯ ಆಮೇಲೆ, ಮೊದಲು ಕಮಾನೇ ಹಿಡಿತಕ್ಕೆ ಸಿಗುತ್ತಿಲ್ಲ. ಒಂದು ತಂತಿ ಎಳೆದರೆ ಪಕ್ಕದ್ದೂ ಕೂಗುತ್ತದೆ. ಎಲ್ಲಕ್ಕಿಂತ ದಪ್ಪ ತಂತಿಯಲ್ಲಂತೂ ಬರೀ ಗರಗರ. ನಾಲ್ಕು ತಂತಿಯದು ಬೇರೆ ತಗೊಳ್ಳಬೇಕಾ, ಇದರಲ್ಲೇ ಕಲಿಯಬಹುದಾ?

ವಿರಾಜಪೇಟೆಯಿಂದ:
ಇದರಲ್ಲೇ ಕಲಿಯಿರಿ ಅಕ್ಕ. ನಾನು ಚರ್ಚಿನಲ್ಲಿ ಹಾಡುಗಳಿಗೆ ಐದು ತಂತಿಯದನ್ನೇ ನುಡಿಸುತ್ತೇನೆ, ಕಲಿತದ್ದೂ ಅದರಲ್ಲೇ. ಮಾಮೂಲಿ ಜಿ, ಡಿ, ಎ, ಇ (ದಪ್ಪದಿಂದ ತೆಳುವಿಗೆ, ಸ್ವರದ ಹೆಸರುಗಳು) ತಂತಿಗಳ ಜೊತೆ ಇದರಲ್ಲಿ ಇನ್ನೂ ತಗ್ಗಿನ ಸಿ ತಂತಿ ಇರುತ್ತದೆ, ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ವಿಯೋಲಾದಲ್ಲಿ ಇರುವುದೂ ಅದೇ ಸ್ವರ. ತಂತಿಗಳನ್ನು ಎತ್ತಿ ಹಿಡಿಯುವ ಚಿಕ್ಕ ಬ್ರಿಡ್ಜಿನ ಮೇಲೆ ಐದು ತಂತಿ ಕೂರಬೇಕಲ್ವಾ, ಹಾಗಾಗಿ ಒಂದು ತಂತಿಗೂ ಇನ್ನೊಂದಕ್ಕೂ ನಡುವೆ ಕಮಾನು ವಾಲಲು ಸಿಗುವ ಜಾಗ ಕಡಿಮೆ. ಪಕ್ಕದ್ದು ಕೂಗುವುದು ಅದಕ್ಕೇ.

ಇ ತಂತಿಯಿಂದ ಶುರು ಮಾಡಿ. ಅದು ಅಂಚಿನಲ್ಲಿದೆ, ಪಕ್ಕದಲ್ಲಿ ಇನ್ನೊಂದು ತಂತಿ ಇರುವುದು ಒಂದೇ ಕಡೆ. ಮಧ್ಯದ ಮೂರು ತಂತಿಗೆ ಎರಡೂ ಕಡೆ ತೊಂದರೆ, ಅದಕ್ಕೆ ನನ್ನ ಟೀಚರ್ ಮಾಡಿಸಿದ್ದು ಹೀಗೆ: ಡಿ ತಂತಿ ಎಳೆಯುತ್ತಾ ಕಮಾನನ್ನು ನಿಧಾನವಾಗಿ ಒಂದು ಕಡೆ ವಾಲಿಸಬೇಕು, ಜಿ ಸದ್ದು ಬಂದ ಕೂಡಲೇ ತಿರುಗಿ ಇನ್ನೊಂದು ಕಡೆಗೆ, ಎ ಸದ್ದು ಬರುವ ತನಕ, ಆ ಎರಡರ ನಡುವೆ ಉಳಿಯುವ ಸಣ್ಣ ಜಾಗವೇ ಡಿ ತಂತಿಯದು. ಅದನ್ನು ಕಿವಿಗಿಂತ ಮೊದಲು ತೋಳು ಕಲಿಯುತ್ತದೆ. ವಾಲಿಸುವುದು ತೋಳಿನಿಂದ, ಬರೀ ಮಣಿಕಟ್ಟಿನಿಂದ ಅಲ್ಲ. ದಪ್ಪ ತಂತಿಗೆ ಹೋಗುವಾಗ ಮೊಣಕೈ ಮೇಲೇರುತ್ತದೆ, ತೆಳು ತಂತಿಗೆ ಇಳಿಯುತ್ತದೆ. ಸದ್ದಿಲ್ಲದೆಯೂ ಮಾಡಬಹುದು, ಕಮಾನನ್ನು ತಂತಿಯ ಮೇಲಿಟ್ಟು, ಎಳೆಯದೆ, ಸಿ ಇಂದ ಇ ತನಕ ಉರುಳಿಸಿ ವಾಪಸ್ ಬನ್ನಿ.

ಮುಖ್ಯವಾಗಿ, ಒತ್ತಬೇಡಿ! ಒತ್ತಿದರೆ ಆ ತಂತಿ ತಗ್ಗುತ್ತದೆ, ಕಮಾನಿನ ಕೂದಲು ಪಕ್ಕದ ತಂತಿಗೆ ತಾಗುತ್ತದೆ. ಬೆರಳಿಡುವ ಹಲಗೆಯ ಹತ್ತಿರ ಎಳೆದರೆ ಇದು ಇನ್ನೂ ಜಾಸ್ತಿ, ಬ್ರಿಡ್ಜಿನ ಕಡೆಗೆ ಸ್ವಲ್ಪ ಸರಿದರೆ ಕಡಿಮೆ. ಸಿ ತಂತಿಯ ಗರಗರಕ್ಕೂ ಒತ್ತಡವೇ ಕಾರಣ ಇರಬಹುದು. ದಪ್ಪ ತಂತಿ ಅಲುಗಲು ಸಮಯ ಬೇಕು. ತೋಳಿನ ಭಾರ ಮಾತ್ರ ಬಿಟ್ಟು, ಕಮಾನನ್ನು ನಿಧಾನವಾಗಿ ಎಳೆಯಿರಿ.

ಕುಶಾಲನಗರದಿಂದ:
ಕರ್ನಾಟಕ ಸಂಗೀತ ಕಲಿಯುವ ಆಸೆ ಇದ್ದರೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಸರಳೆ, ಜಂಟಿ ವರಸೆಗಳಂಥ ಮೊದಲ ಪಾಠಗಳಿಗೆ ನಾಲ್ಕು ತಂತಿ ಧಾರಾಳ ಸಾಕು. ಕಮಾನು ಹಿಡಿತಕ್ಕೆ ಬರುವ ತನಕ ಆ ದಪ್ಪ ತಂತಿಯನ್ನು ಬಿಚ್ಚಿಡಬಹುದು. ನಮ್ಮಲ್ಲಿ ನೆಲದ ಮೇಲೆ ಕೂತು, ಪಿಟೀಲಿನ ತುದಿಯನ್ನು ಬಲಗಾಲಿನ ಮೇಲಿಟ್ಟು ನುಡಿಸುತ್ತೇವೆ, ನಾಲ್ಕು ತಂತಿಯನ್ನು ಸ ಪ ಸ ಪ ಎಂದು ಕೂರಿಸುತ್ತೇವೆ. ಐದನೆಯದನ್ನು ಅದಕ್ಕೂ ಕೆಳಗಿನ ಪಂಚಮಕ್ಕೆ (ಪ) ಇಳಿಸಬಹುದು, ಆದರೆ ಶ್ರುತಿ ತಗ್ಗಿದ್ದರೆ ಆ ತಂತಿ ತೀರಾ ಸಡಿಲಾಗಿ ಕಮಾನಿನ ಕೆಳಗೆ ಹೊಯ್ದಾಡುತ್ತದೆ.

ಯಾರಾದರೂ ಮೈಸೂರು ಟಿ. ಚೌಡಯ್ಯನವರ (1895–1967) ಏಳು ತಂತಿಯ ಪಿಟೀಲಿನ ಉದಾಹರಣೆ ಕೊಟ್ಟರೆ, ಅದು ಬೇರೆ ಲೆಕ್ಕ. ಅವರು ಮೂರು ತಂತಿ ಸೇರಿಸಿದ್ದು ನಾದ ದೊಡ್ಡದಾಗಲಿ ಎಂದು. ನಾರ್ವೆಯ ಹಾರ್ಡಾಂಗರ್ ಪಿಟೀಲಿನಲ್ಲೂ ಜಾಸ್ತಿ ತಂತಿಗಳಿವೆ, ಆದರೆ ಅವು ಕೆಳಗೆ ಇದ್ದು ತಾವಾಗಿಯೇ ಮಿಡಿಯುತ್ತವೆ, ಕಮಾನು ಅವನ್ನು ಮುಟ್ಟುವುದೇ ಇಲ್ಲ. ನಿಮ್ಮದರಲ್ಲಿ ಐದನ್ನೂ ಬೇರೆಬೇರೆಯಾಗಿ ಎಳೆಯಬೇಕು. ಅದಕ್ಕೇ ಹೊಸಬರಿಗೆ ಇದೇ ಜಾಸ್ತಿ ಕಷ್ಟ ಅಂತ ನನಗನಿಸುತ್ತದೆ.

ವಿರಾಜಪೇಟೆಯಿಂದ:
ಬಿಚ್ಚಿಡುವುದು ಮಾತ್ರ ಬೇಡ ಅಣ್ಣ. ಸಿ ತೆಗೆದರೆ ಜಿ ಅಂಚಿನ ತಂತಿ ಆಗಿಬಿಡುತ್ತದೆ, ಮೊಣಕೈ ಎಷ್ಟು ಮೇಲೇರಿದರೂ ನಡೆಯುತ್ತದೆ. ಮುಂದೆ ಸಿ ವಾಪಸ್ ಹಾಕಿದ ದಿನ ಅದೇ ಅಭ್ಯಾಸ ಅಡ್ಡ ಬರುತ್ತದೆ. ತಂತಿ ಇರಲಿ, ಸದ್ಯಕ್ಕೆ ಅದನ್ನು ನುಡಿಸದಿದ್ದರೆ ಆಯ್ತು.

ನಾಪೋಕ್ಲಿನಿಂದ:
ಕಮಾನಿನ ಬಗ್ಗೆ ಒಂದು ಮಾತು, ನಮ್ಮ ಮಳೆ ಅದಕ್ಕೆ ಆಗುವುದಿಲ್ಲ. ಜೂನ್ ಬಂತೆಂದರೆ ಕೂದಲು ತೇವ ಎಳೆದು ಉದ್ದವಾಗುತ್ತದೆ, ಸ್ಕ್ರೂ ಎಷ್ಟು ತಿರುಗಿಸಿದರೂ ಬಿಗಿ ಸಾಲದು, ಜೋಲು ಕೂದಲು ಪಕ್ಕದ ತಂತಿಗೆ ಇನ್ನೂ ಸುಲಭವಾಗಿ ತಾಗುತ್ತದೆ. ಬಿಗಿ ಮಾಡಿದಾಗ ಕಡ್ಡಿಗೂ ಕೂದಲಿಗೂ ನಡುವೆ ಪೆನ್ಸಿಲ್ ದಪ್ಪದ ಜಾಗ ಇರಲಿ. ನುಡಿಸಿದ ಮೇಲೆ ತಪ್ಪದೆ ಸಡಿಲ ಮಾಡಿ. ತಂತಿ ಬಿಗಿಸುವ ಬಿರಡೆಗಳೂ ಉಬ್ಬಿ ಕಚ್ಚಿಕೊಳ್ಳುತ್ತವೆ, ಬಲ ಹಾಕಿ ತಿರುಗಿಸಬೇಡಿ. ಒಣಗಲಿ ಅಂತ ಒಲೆ ಹತ್ತಿರ ಮಾತ್ರ ಇಡಬೇಡಿ, ಅಂಟು ಬಿಟ್ಟು ಮರದ ಜೋಡಣೆ ಬಾಯಿ ಬಿಡುತ್ತದೆ. ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬದಲಿಸಿ.

ಮಡಿಕೇರಿಯಿಂದ:
ತುಂಬಾ ಉಪಕಾರ ಆಯ್ತು. ಐದೂ ಇರಲಿ, ಇ ಇಂದಲೇ ಶುರು ಮಾಡುತ್ತೇನೆ. ಸಿ ತಂತಿ ಕಡಿದುಹೋದರೆ ವಿಯೋಲಾದ್ದು ಹಾಕಬಹುದಾ?

ವಿರಾಜಪೇಟೆಯಿಂದ:
ಬೇಡ ಅಕ್ಕ. ಅದು ಉದ್ದದ ವಾದ್ಯಕ್ಕೆ ಮಾಡಿದ ತಂತಿ, ಪಿಟೀಲಿನ ಅಳತೆಯಲ್ಲಿ ಸಿ ಗೆ ಕೂರಿಸಿದರೆ ಸಡಿಲಾಗಿ ನಾದ ಮಂಕಾಗುತ್ತದೆ. ಪಿಟೀಲಿನ ಅಳತೆಗೇ ಮಾಡಿದ ಸಿ ತಂತಿ ಸಿಗುತ್ತದೆ, ಹಾಗೆಂದೇ ಕೇಳಿ. ಇಲ್ಲಿನ ಅಂಗಡಿಗಳಲ್ಲಿ ಇಲ್ಲದಿದ್ದರೆ ಮೈಸೂರಿಗೆ ಹೋಗುವವರ ಹತ್ತಿರ ಎರಡು ತರಿಸಿಟ್ಟುಕೊಳ್ಳಿ, ಮಳೆಗಾಲಕ್ಕೆ ಮೊದಲೇ.