ಸ್ಟ್ರಾಸ್‌ಬರ್ಗ್ ವೈನ್ ಮೇಳಕ್ಕೆ ಮೊದಲ ಸಲ: ಹೋಗಿ ಬಂದವರ ಮಾತು

ಪ್ರಶ್ನೆ: ಫೆಬ್ರವರಿಯಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ನಡೆಯುವ ಸ್ವತಂತ್ರ ವೈನ್ ಬೆಳೆಗಾರರ ಮೇಳಕ್ಕೆ ನಾನು, ನನ್ನ ಹೆಂಡತಿ ಹೋಗುತ್ತಿದ್ದೇವೆ. ನಂದಿ ಬೆಟ್ಟದ ಕಡೆಯ ವೈನ್ ಬಿಟ್ಟರೆ ಬೇರೆ ರುಚಿ ಗೊತ್ತಿಲ್ಲ. ಫ್ರೆಂಚ್ ಅಷ್ಟಕ್ಕಷ್ಟೇ. ಅವಳು ಸಸ್ಯಾಹಾರಿ. ಎಲ್ಲಿಂದ ಶುರು ಮಾಡೋದು?

ಉತ್ತರ: ಟಿಕೆಟ್ ಜೊತೆಗೇ ಒಂದು ಗ್ಲಾಸ್ ಕೊಡುತ್ತಾರೆ. ಅದನ್ನು ಹಿಡಿದು ಯಾವ ಮೇಜಿಗಾದರೂ ಹೋಗಿ, ರುಚಿ ನೋಡಲು ಬೇರೆ ದುಡ್ಡಿಲ್ಲ. ಸುರಿದು ಕೊಡುವವರು ಸಾಮಾನ್ಯವಾಗಿ ದ್ರಾಕ್ಷಿ ಬೆಳೆದು ವೈನ್ ಮಾಡಿದ ಮನೆಯವರೇ. ನನಗೆ ಈ ಮೇಳ ಇಷ್ಟ ಆಗೋದೇ ಅದಕ್ಕೆ. ಇಡೀ ಹಾಲ್ ಸುತ್ತಲು ಹೋಗಬೇಡಿ. ನಾಲ್ಕೈದು ಮೇಜು ಸಾಕು, ಆದರೆ ನಿಂತು ಮಾತಾಡಿ. 'ನಮಗೆ ಇದು ಹೊಸದು' ಅಂದರೆ ಮಣ್ಣು, ಇಳಿಜಾರು, ಆ ವರ್ಷದ ಮಳೆ ಎಲ್ಲ ಹೇಳುತ್ತಾರೆ. ಭಾಷೆ ಅರ್ಧಂಬರ್ಧ ಇದ್ದರೂ ನಡೆಯುತ್ತದೆ.

ಫ್ರಾನ್ಸಿನ ಎಲ್ಲ ಕಡೆಯವರೂ ಬಂದಿರುತ್ತಾರೆ. ನೀವು ಮಾತ್ರ ಸ್ಟ್ರಾಸ್‌ಬರ್ಗ್ ಇರುವ ಅಲ್ಸಾಸ್ ಪ್ರದೇಶದ ವೈನ್‌ನಿಂದಲೇ ಶುರು ಮಾಡಿ. ಒಬ್ಬರೇ ಬೆಳೆಗಾರರ ಹತ್ತಿರ ರೀಸ್ಲಿಂಗ್ ಅನ್ನೋ ಬಿಳಿ ದ್ರಾಕ್ಷಿಯ ಎರಡು ವೈನ್ ಕೇಳಿ: ಒಂದು ಸಾಮಾನ್ಯದ್ದು, ಇನ್ನೊಂದು 'ಗ್ರಾಂ ಕ್ರೂ', ಅಂದರೆ ಶ್ರೇಷ್ಠ ಅಂತ ಗುರುತಿಸಿದ ತೋಟದ್ದು. ಹೀಗೆ ಹೆಸರು ಪಡೆದ ತೋಟದ ಜಾಗಗಳು ಅಲ್ಸಾಸ್‌ನಲ್ಲಿ 51 ಇವೆ. ಅದೇ ದ್ರಾಕ್ಷಿ, ಅದೇ ಕೈ, ಬೇರೆ ನೆಲ. ಆ ವ್ಯತ್ಯಾಸ ನಾಲಿಗೆಗೆ ಹತ್ತಿದರೆ ಹೋಗಿದ್ದು ಸಾರ್ಥಕ. ಸಿಹಿ ಬೇಡ ಅಂದರೆ ಲೇಬಲ್ ಮೇಲೆ 'ಸೆಕ್' ಇದೆಯಾ ನೋಡಿ. 'ಮ್ವಾಲ್ಯೂ' ಅಂದರೆ ಸಿಹಿ.

ಆಮೇಲೆ, ರುಚಿ ನೋಡಿದ ವೈನ್ ಉಗುಳಿ. ಪ್ರತಿ ಮೇಜಿನ ಹತ್ತಿರ ಅದಕ್ಕೆ ಪಾತ್ರೆ ಇರುತ್ತದೆ, ಯಾರೂ ತಪ್ಪು ತಿಳಿಯೋದಿಲ್ಲ. ಫ್ರಾನ್ಸಿನಲ್ಲಿ ಗಾಡಿ ಓಡಿಸುವವರಿಗೆ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ ಆಲ್ಕೋಹಾಲ್. ಟ್ರಾಮ್‌ನಲ್ಲೇ ಹೋಗಿ.

ಇನ್ನೊಬ್ಬರು: ಮೇಲಿನ ಮಾತೆಲ್ಲ ಸರಿ, ಆದರೆ ಅಲ್ಸಾಸ್‌ನ ಇನ್ನೊಂದು ದ್ರಾಕ್ಷಿಯ ವೈನ್ ಗೆವುರ್ಟ್ಸ್‌ಟ್ರಾಮಿನರ್ ಬಿಟ್ಟೇಬಿಟ್ಟರಲ್ಲ! ಗ್ಲಾಸ್ ಮೂಗಿನ ಹತ್ತಿರ ತಂದ ಕೂಡಲೇ ಗುಲಾಬಿ, ಲಿಚಿ ಘಮ್ಮೆನ್ನುತ್ತದೆ. ನಮ್ಮ ಮಸಾಲೆ ಅಡುಗೆಗೆ ರೀಸ್ಲಿಂಗ್‌ಗಿಂತ ಇದೇ ಚೆನ್ನಾಗಿ ಹೊಂದುತ್ತದೆ ಅಂತ ನನ್ನ ಅಭಿಪ್ರಾಯ. ಕೊನೆಗೆ ಇಟ್ಟುಕೊಳ್ಳಿ, ಮೊದಲೇ ಕುಡಿದರೆ ಉಳಿದ ವೈನ್ ಸಪ್ಪೆ ಅನ್ನಿಸುತ್ತದೆ.

ಮತ್ತೊಬ್ಬರು: ನಾನೂ ಸಸ್ಯಾಹಾರಿ, ಅದಕ್ಕೇ ಹೇಳುತ್ತೇನೆ. ವೈನ್ ತಿಳಿಯಾಗಿಸಲು ಕೆಲವರು ಮೊಟ್ಟೆಯ ಬಿಳಿ, ಜೆಲಟಿನ್ ಅಥವಾ ಮೀನಿನಿಂದ ತೆಗೆದ ಪದಾರ್ಥ ಬಳಸುತ್ತಾರೆ. 'ವೇಗನ್' ಅಂತ ಕೇಳಿ, ಮಾಡಿದವರೇ ಎದುರಿಗಿರುವುದರಿಂದ ಉತ್ತರ ಅಲ್ಲೇ ಸಿಗುತ್ತದೆ. ಚೀಸ್ ವಿಷಯದಲ್ಲಿ ಇನ್ನೂ ಹುಷಾರು. ಮುನ್ಸ್ಟರ್‌ನಂಥ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಹೆಪ್ಪುಗಟ್ಟಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಊಟ ಮಾಡಿಕೊಂಡೇ ಹೋಗಿ, ಬ್ಯಾಗಿನಲ್ಲಿ ಬ್ರೆಡ್ ಇಟ್ಟುಕೊಳ್ಳಿ.

ಕೊನೆಯವರು: ಬೆಂಗಳೂರಿಗೆ ಬಾಟಲಿ ತರೋದಾದರೆ ಸುಂಕವಿಲ್ಲದೆ ದೊಡ್ಡವರಿಗೆ ತಲಾ 2 ಲೀಟರ್ ವರೆಗೆ ಬಿಡುತ್ತಾರೆ. ಅಂದರೆ 750 ಮಿಲಿಯ ಎರಡೆರಡು. ಕೈಚೀಲದಲ್ಲಿ ಬಿಡೋದಿಲ್ಲ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಉಣ್ಣೆ ಬಟ್ಟೆ ಸುತ್ತಿ ಮಧ್ಯದಲ್ಲಿಡಿ. ಅಲ್ಸಾಸ್ ಬಾಟಲಿ ಜಾಸ್ತಿ ಉದ್ದ, ಸೂಟ್‌ಕೇಸ್ ಮೊದಲೇ ಅಳೆದುಕೊಳ್ಳಿ.